ದೊಡ್ಡವರ ಸಾಲು ಅಳಿಸಲು ಕಲಿಸಿದ ಬುರುಲ್ಚಾ ಎಜೆ

ಹೊರಗೆ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೆಟ್ಟದೂರು ಉಚ್-ತೆರೆಕ್‌ನ ಶಾಲೆಯ ಕೊನೆಯ ಕೋಣೆಯಲ್ಲಿ ಬುರುಲ್ಚಾ ಎಜೆ, ಅಂದರೆ ಬುರುಲ್ಚಾ ಅಕ್ಕ, ಕುಕ್ಕರುಗಾಲಿನಲ್ಲಿ ಕುಳಿತು ಒಲೆಯ ಬೂದಿ ಬಾಚುತ್ತಿದ್ದಾರೆ. ಕೆಳಗೆ ಬೆರಣಿಯ ಚೂರು, ಅದರ ಮೇಲೆ ಕಲ್ಲಿದ್ದಲು. ಬೆಂಕಿ ಹತ್ತಿಕೊಂಡ ಮೇಲೆ ಎದ್ದು, ಸಾಲಾಗಿ ಮಲಗಿಸಿದಂತೆ ಕಂಬಳಿ ಹೊದಿಸಿಟ್ಟ ಕಂಪ್ಯೂಟರುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಕಂಬಳಿ ತೆಗೆಯುವುದಿಲ್ಲ. ರಾತ್ರಿಯ ಕೊರೆಯುವ ಚಳಿಯಿಂದ ಯಂತ್ರ ಒಮ್ಮೆಲೇ ಬಿಸಿಗೆ ಬಂದರೆ ಒಳಗೆಲ್ಲ ಬೆವರುತ್ತದೆ, ಆಗ ಗುಂಡಿ ಒತ್ತಿದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ನಾನು ಮೊದಲೇ ಆತುರದವನು. ಒಂದನ್ನಾದರೂ ಚಾಲೂ ಮಾಡಿ ತೋರಿಸಿ ಎಂದು ದುಂಬಾಲು ಬೀಳುತ್ತೇನೆ.

"ಸುಮ್ನೆ ಕೂತ್ಕೊಂಡು ಟೀ ಕುಡೀರಿ. ಈಗಷ್ಟೇ ಹುಟ್ಟಿದ ಕುರಿಮರೀನ ಓಡು ಓಡು ಅಂದ್ರೆ ಓಡುತ್ತಾ?" ಎನ್ನುತ್ತಾರೆ. ನಾನು ಕುಳಿತು ಟೀ ಕುಡಿಯುತ್ತೇನೆ.

ಈ ಕೋಣೆಯಿಂದಾಗಿಯೇ ಉಚ್-ತೆರೆಕ್‌ನಲ್ಲಿ ಈ ವರ್ಷ ಹತ್ತನೇ ತರಗತಿ ನಡೆಯುತ್ತಿದೆ. ಈ ಮಾತನ್ನು ಜಿಲ್ಲೆಯ ಯಾವ ಕಾಗದದಲ್ಲೂ ಯಾರೂ ಬರೆದಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ.

ಹೋದ ವರ್ಷ ಇದೇ ಹೊತ್ತಿಗೆ ಊರಿನ ಮೇಲೆ ಕತ್ತಿ ತೂಗುತ್ತಿತ್ತು. ಇದ್ದೊಬ್ಬ ಭೌತಶಾಸ್ತ್ರದ ಶಿಕ್ಷಕಿ ಮದುವೆಯಾಗಿ ರಾಜಧಾನಿ ಬಿಷ್ಕೆಕ್‌ಗೆ ಹೋಗಿ ಆಗಲೇ ಎರಡು ಚಳಿಗಾಲ ಕಳೆದಿದ್ದವು. ಅವರ ಜಾಗಕ್ಕೆ ಈ ಚಳಿಗೆ ಯಾರು ಬರುತ್ತಾರೆ? ಶಿಕ್ಷಕರಿಲ್ಲದ ಮೇಲೆ ಹತ್ತು, ಹನ್ನೊಂದನೇ ತರಗತಿ ಯಾಕೆ, ಮುಚ್ಚಿಬಿಡೋಣ, ಮಕ್ಕಳು ಕಣಿವೆಯಾಚೆಯ ಪಟ್ಟಣದ ವಸತಿಶಾಲೆಗೆ ಹೋಗಲಿ ಎಂಬುದು ಮೇಲಿನವರ ಲೆಕ್ಕಾಚಾರ. ಹೇಳುವುದಕ್ಕೆ ಸುಲಭ. ಹುಡುಗರನ್ನಾದರೆ ಕಳಿಸುತ್ತಾರೆ. ಒಂಬತ್ತನೇ ತರಗತಿಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಜಿಬೆಕ್‌ಳ ತಂದೆ ಅಂಗಡಿ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ್ದರು: "ಹಿಮ ಬಿದ್ರೆ ಆರು ತಿಂಗಳು ಮುಚ್ಚೋ ದಾರಿ ಅದು. ನಮ್ಮ ಹುಡುಗೀನ ಅಲ್ಲಿಗೆ ಕಳ್ಸಲ್ಲ. ಓದಿದ್ದು ಸಾಕು, ಮನೇಲಿರ್ಲಿ." ಅವಳಂಥವರು ಆ ತರಗತಿಯಲ್ಲಿ ಇನ್ನೂ ಐದು ಮಂದಿ ಇದ್ದರು.

ಬುರುಲ್ಚಾ ಎಜೆ ಶಿಕ್ಷಕಿಯಲ್ಲ. ಕಂಪ್ಯೂಟರ್ ಕೋಣೆಯ ಸಹಾಯಕಿ. ಅಂದರೆ ಒಲೆ ಹಚ್ಚುವುದು, ನೆಲ ಒರೆಸುವುದು, ವೈರು ಸಿಕ್ಕಾದರೆ ಬಿಡಿಸುವುದು. ತಾವೂ ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವರು. ಹದಿನೇಳನೇ ವಯಸ್ಸಿಗೆ ಊರಿನ ಟೆಲಿಫೋನ್ ಕೇಂದ್ರದಲ್ಲಿ ಕುಳಿತು, ಆ ತಂತಿಯನ್ನು ಈ ತೂತಿಗೆ ಚುಚ್ಚಿ ಜನರ ಮಾತು ಕೂಡಿಸುತ್ತಿದ್ದರು. ಎಲ್ಲರ ಕೈಗೂ ಮೊಬೈಲ್ ಬಂದಾಗ ಆ ಕೇಂದ್ರಕ್ಕೆ ಬೀಗ ಬಿತ್ತು. ಆಮೇಲೆ ಕೆಲವು ವರ್ಷ ಉಣ್ಣೆ ತೊಳೆದರು, ಹಾಲು ಸಂಗ್ರಹಿಸಿದರು, ಕೊನೆಗೆ ಈ ಶಾಲೆಗೆ ಸೇರಿದರು. ಗಂಡ ಸಮತ್ ಕುರಿ ಕಾಯುತ್ತಾರೆ, ಬಾಯಿ ಸ್ವಲ್ಪ ಜೋರು.

"ನನಗೆ ಹರಿದ ಕೋಟು, ಆ ಡಬ್ಬಗಳಿಗೆ ಹೊಸ ಕಂಬಳಿ," ಎಂದು ಸಮತ್ ನನ್ನೆದುರು ದೂರು ಹೇಳುತ್ತಾರೆ. "ಇನ್ನೊಂದು ಜನ್ಮ ಅಂತಿದ್ರೆ ಕಂಪ್ಯೂಟರಾಗಿ ಹುಟ್ಟಿ ಇವಳ ಕೈಗೆ ಸಿಗ್ತೀನಿ."

"ನೀನು ಕಂಪ್ಯೂಟರಾದ್ರೂ ಮಧ್ಯಾಹ್ನದವರೆಗೆ ಎದ್ದೇಳಲ್ಲ ಬಿಡು," ಎನ್ನುತ್ತಾರೆ ಎಜೆ.

ಬಿಷ್ಕೆಕ್‌ಗೆ ಹೋದ ಆ ಶಿಕ್ಷಕಿ ಹೋಗುವ ಮೊದಲು ಒಂದು ಉಪಕಾರ ಮಾಡಿದ್ದರು. ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ ಒಂದು ವಿಕಿ ಹಾಕಿಕೊಟ್ಟಿದ್ದರು. ಯಾರು ಬೇಕಾದರೂ ತೆರೆದು ಓದಿ, ಸೇರಿಸಿ, ತಿದ್ದಬಹುದಾದ ಪುಟಗಳು. ಇಲ್ಲಿ ಇಂಟರ್ನೆಟ್ ಗಾಳಿಯ ಮರ್ಜಿ ನೋಡಿ ಬರುತ್ತದೆ, ಆದರೆ ಈ ವಿಕಿಗೆ ಅದರ ಹಂಗಿಲ್ಲ. ಶಾಲೆಯೊಳಗೇ ಕೆಲಸ ಮಾಡುತ್ತದೆ. ಪಾಠ ಮಾಡುವವರಿಲ್ಲದಿದ್ದರೆ ಮಕ್ಕಳೇ ಪಾಠ ಬರೆದುಕೊಳ್ಳಲಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಲಿ, ಇಂಟರ್ನೆಟ್ ಬಂದಾಗ ಪುಟ ಕಳಿಸಿದರೆ ಬಿಷ್ಕೆಕ್‌ನಿಂದ ತಿಂಗಳಿಗೊಮ್ಮೆ ತಾನೂ ನೋಡಿ ಹೇಳುತ್ತೇನೆ ಎಂದು ಶಿಕ್ಷಕಿ ಹೇಳಿ ಹೋದರು. ಕೇಳುವುದಕ್ಕೆ ಚೆನ್ನಾಗಿತ್ತು. ನಡೆದದ್ದೇ ಬೇರೆ.

ಮುಖ್ಯೋಪಾಧ್ಯಾಯಿನಿ ಶಾಯಿರ್‌ಗುಲ್ ಎಜೆ ಮೊದಲ ಪುಟ ಬರೆದರು. ವಿಷಯ ಶಾಖ. ಅವರು ಕಲಿತದ್ದು ಸಾಹಿತ್ಯ. ಪುಟದಲ್ಲಿ ತಪ್ಪುಗಳಿದ್ದವು, ಇರಲೇಬೇಕಿತ್ತು. ತಿಂಗಳು ಕಳೆದು ಬುರುಲ್ಚಾ ಎಜೆ ಪುಟ ತೆರೆದು ನೋಡಿದರೆ ಒಂದಕ್ಷರವೂ ಅಲ್ಲಾಡಿಲ್ಲ. ಬದಲಿಗೆ ಕೆಳಗೆ ಉದ್ದಕ್ಕೂ ಹಾರೈಕೆಗಳ ಸಾಲು. ಎಜೆ, ಬಹಳ ಸೊಗಸಾಗಿ ಬರೆದಿದ್ದೀರಿ. ಎಜೆ, ನಿಮ್ಮ ಕೈಗೆ ನೋವು ಬಾರದಿರಲಿ. ಎಜೆ, ನಿಮ್ಮ ಮೊಮ್ಮಕ್ಕಳ ಮದುವೆ ನೋಡುವಂತಾಗಲಿ. ಇಡೀ ಶಾಲೆ ಬಂದು ಆ ಪುಟದ ಹೊಸಲಲ್ಲಿ ನಿಂತು ಕೈಮುಗಿದು ಹೋಗಿತ್ತು. ನಮ್ಮ ಮಕ್ಕಳು ಇನ್ನೇನು ಮಾಡಿಯಾರು? ದೊಡ್ಡವರು ಹಗಲನ್ನು ರಾತ್ರಿ ಅಂದರೆ ನಕ್ಷತ್ರ ಎಣಿಸಬೇಕು ಎಂದು ತೊಟ್ಟಿಲಲ್ಲೇ ಕಲಿಸುವ ಜನ ನಾವು.

"ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ," ಎನ್ನುತ್ತಾರೆ ಬುರುಲ್ಚಾ ಎಜೆ. "ತಪ್ಪು ಅಂತ ಅವರಿಗೆಲ್ಲ ಗೊತ್ತಿತ್ತು. ಹೊರಗೆ ಮೈದಾನದಲ್ಲಿ ಅದನ್ನೇ ಆಡ್ಕೊಂಡು ನಗ್ತಿದ್ರು. ಒಳಗೆ ಬಂದ್ರೆ ಬಾಯಿಗೆ ಬೀಗ."

ಅವರು ಯಾವ ಪುಸ್ತಕವನ್ನೂ ಓದಲಿಲ್ಲ, ಯಾವ ತರಬೇತಿಗೂ ಹೋಗಲಿಲ್ಲ. ಮನೆಯಿಂದ ಒಂದು ದೊಡ್ಡ ರೊಟ್ಟಿ ತಂದು ಕಂಪ್ಯೂಟರುಗಳ ಮಧ್ಯೆ ಬಟ್ಟೆ ಹಾಸಿ ಇಟ್ಟರು. ಮಕ್ಕಳನ್ನೆಲ್ಲ ಸುತ್ತ ಕೂರಿಸಿಕೊಂಡು ಕೇಳಿದರು: "ಒಬ್ಬರ ಮನೆಗೆ ಹೋದ್ರಿ, ಮುಂದೆ ರೊಟ್ಟಿ ಇಟ್ರು. ಮುಟ್ಟದೇ, ನಿಮ್ಮ ಮನೆ ಚೆನ್ನಾಗಿರ್ಲಿ ಅಂತ ಹೇಳಿ ಎದ್ದು ಬಂದ್ರೆ ಮನೆಯವರಿಗೆ ಹೇಗಾಗುತ್ತೆ?" ಅವಮಾನ ಎಂದರು ಮಕ್ಕಳು. "ಹಾಗಾದ್ರೆ ಶಾಯಿರ್‌ಗುಲ್ ಎಜೆಗೆ ನೀವೆಲ್ಲ ಸೇರಿ ಒಂದು ತಿಂಗಳು ಅವಮಾನ ಮಾಡಿದ್ದೀರಿ."

ಅಂದಿನಿಂದ ಒಂದೇ ನಿಯಮ. ಪುಟ ತೆರೆದವರು ರೊಟ್ಟಿ ಮುರಿದ ಹಾಗೆ ಏನನ್ನಾದರೂ ಮುರಿಯದೆ ಹೋಗುವಂತಿಲ್ಲ. ಒಂದು ಪದವೋ, ಒಂದು ಚಿತ್ರವೋ, ಒಂದು ತಿದ್ದುಪಡಿಯೋ. ಆದರೂ ಹಿರಿಯರ ಸಾಲಿಗೆ ಕೈ ಹಾಕಲು ಮಕ್ಕಳು ಹಿಂಜರಿಯುತ್ತಿದ್ದರು. ಅದಕ್ಕೂ ಎಜೆ ದಾರಿ ಹುಡುಕಿದರು. ನಮ್ಮಲ್ಲಿ ಹಿರಿಯರು ಬಾತಾ ಕೊಟ್ಟರೆ, ಅಂದರೆ ಅಂಗೈ ತೆರೆದು ಹರಸಿ ಮುಖ ಸವರಿಕೊಂಡರೆ, ಆಮೇಲೆ ಕಿರಿಯರನ್ನು ತಡೆಯುವವರಿಲ್ಲ. ಶಾಯಿರ್‌ಗುಲ್ ಎಜೆಯನ್ನು ಎಳೆದು ತಂದು ಎಲ್ಲರೆದುರು ಹರಸಲು ಹಚ್ಚಿದರು: "ನನ್ನ ತಪ್ಪು ತಿದ್ದಿದವರ ಕಣ್ಣು ಮಂಜಾಗದಿರ್ಲಿ, ಓಮಿನ್." ಆ ದಿನ ಸಂಜೆಯೊಳಗೆ ಶಾಖದ ಪುಟದಲ್ಲಿ ಶಾಯಿರ್‌ಗುಲ್ ಎಜೆಯ ಹೆಸರು ಬಿಟ್ಟರೆ ಅವರದೇನೂ ಉಳಿದಿರಲಿಲ್ಲ.

ಆಮೇಲೆ ಕೆಲಸ ಓಡಿತು. ಎಂಬತ್ತು ಮಕ್ಕಳು, ಒಂಬತ್ತು ಬದುಕಿರುವ ಕಂಪ್ಯೂಟರು, ದಿನಕ್ಕೆ ಎರಡು ಬಕೆಟ್ ಕಲ್ಲಿದ್ದಲು. ವಸಂತದಲ್ಲಿ ಕುರಿಗಳ ಜೊತೆ ಮೇಲಿನ ಹುಲ್ಲುಗಾವಲಿಗೆ, ನಮ್ಮ ಜೈಲೂಗೆ, ಹೋಗುವ ಮಕ್ಕಳು ಅಲ್ಲಿಂದಲೇ ಫೋನಿನಲ್ಲಿ ಬರೆಯುತ್ತಾರೆ. ಬೆಣ್ಣೆ ಮಾರಲು ಇಳಿದು ಬರುವವರ ಜೇಬಿನಲ್ಲಿ ಆ ಫೋನುಗಳು ಬರುತ್ತವೆ, ಎಜೆ ಬರೆದದ್ದನ್ನೆಲ್ಲ ವಿಕಿಗೆ ಸೇರಿಸಿ ವಾಪಸು ಕಳಿಸುತ್ತಾರೆ. ಫೋನಿಗೆ ಮೆತ್ತಿದ ಬೆಣ್ಣೆ ಒರೆಸುವುದೂ ಅವರದೇ ಕೆಲಸ.

ಆದರೆ ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು. ಮಕ್ಕಳೇ ಬರೆದುಕೊಂಡರೆ ಅದು ಪಾಠವೇ ಎಂದು ಮೇಲಿನಿಂದ ಪ್ರಶ್ನೆ ಬಂತು. ಹೋದ ಮಾರ್ಚಿನಲ್ಲಿ ಪರೀಕ್ಷಿಸಿ ತೀರ್ಮಾನ ಹೇಳಲು ಕದಿರ್ಕುಲ್ ಅಗಾಯ್ ಬಂದರು. ನರೆತ ಗಡ್ಡ, ಎತ್ತರದ ಟೋಪಿ, ನಲವತ್ತು ವರ್ಷ ಪಟ್ಟಣದಲ್ಲಿ ಪಾಠ ಮಾಡಿದ ಅಗಾಯ್, ಅಂದರೆ ಮೇಷ್ಟ್ರು. ಅವರು ತಲೆಯಾಡಿಸಿದರೆ ಹತ್ತನೇ ತರಗತಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಆ ದಿನ ನಾನೂ ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಜಿಬೆಕ್‌ಳ ತಂದೆಯೂ ಬಾಗಿಲಲ್ಲಿ ನಿಂತಿದ್ದರು.

"ನೀವು ಮೊದಲೇ ಬರೆದಿಟ್ಟಿದ್ದು ನಂಗೆ ಬೇಡ," ಎಂದರು ಅಗಾಯ್. "ನಾನೊಂದು ಹೊಸ ಪುಟ ಶುರು ಮಾಡ್ತೀನಿ. ನನ್ನ ಕಣ್ಣೆದುರೇ ಮುಂದುವರಿಸಿ."

ಕುಳಿತು ಎರಡು ಬೆರಳಿನಲ್ಲಿ ಕುಟ್ಟಿ ಕುಟ್ಟಿ ಬರೆದರು: ಬೆಟ್ಟದ ಮೇಲೆ ಗಾಳಿಯ ಒತ್ತಡ ಕಡಿಮೆ. ಆದ್ದರಿಂದ ನೀರು ಬೇಗ ಕುದಿಯುತ್ತದೆ, ಮಾಂಸವೂ ಬೇಗ ಬೇಯುತ್ತದೆ.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಜೈಲೂನಲ್ಲಿ ಬೇಸಿಗೆ ಕಳೆದ ಯಾವ ಮಗುವಿಗೆ ಗೊತ್ತಿಲ್ಲ, ಅಲ್ಲಿ ಮಾಂಸಕ್ಕಾಗಿ ಕಾದು ಕಾದು ಹೊಟ್ಟೆ ಬೆನ್ನಿಗೆ ಅಂಟುತ್ತದೆ ಎಂದು? ಆದರೆ ಬರೆದವರು ಹೊರಗಿನ ಹಿರಿಯರು, ಅತಿಥಿ, ಮೇಲಾಗಿ ತೀರ್ಪು ಹೇಳುವವರು. ಒಬ್ಬ ಹುಡುಗ ಎದ್ದು ಕೆಳಗೆ ಒಂದು ಚಿತ್ರ ಸೇರಿಸಿ ಕುಳಿತ. ಇನ್ನೊಬ್ಬಳು ಒತ್ತಡದ ಬಗ್ಗೆ ಎರಡು ಸಾಲು ಬರೆದಳು. ಮಾಂಸದ ಸಾಲನ್ನು ಮಾತ್ರ ಯಾರೂ ಮುಟ್ಟಲಿಲ್ಲ. ನಾನು ಬುರುಲ್ಚಾ ಎಜೆಯತ್ತ ನೋಡಿದೆ. ಒಲೆಯ ಪಕ್ಕ ಕಲ್ಲಿನ ಹಾಗೆ ನಿಂತಿದ್ದಾರೆ, ಕಣ್ಣಸನ್ನೆ ಕೂಡ ಮಾಡುತ್ತಿಲ್ಲ. ನನಗೋ ಅವರನ್ನು ಹಿಡಿದು ಅಲುಗಾಡಿಸುವಷ್ಟು ಸಿಟ್ಟು.

ಆಗ ಜಿಬೆಕ್ ಎದ್ದಳು. ಕಂಪ್ಯೂಟರಿನ ಕಡೆ ಹೋಗಲಿಲ್ಲ. ನೇರ ಅಗಾಯ್ ಮುಂದೆ ಬಂದು ತಲೆ ತಗ್ಗಿಸಿ ನಿಂತಳು.

"ಅಗಾಯ್, ಬಾತಾ ಕೊಡಿ."

ಹುಡುಗಿ ಹೆದರಿದ್ದಾಳೆ, ಧೈರ್ಯಕ್ಕೆ ಕೇಳುತ್ತಿದ್ದಾಳೆ ಎಂದುಕೊಂಡ ಅಗಾಯ್ ಕರಗಿಹೋದರು. ಅಂಗೈ ತೆರೆದು, "ನಿನ್ನ ಓದು ಬೆಳೀಲಿ ಮಗಳೇ, ನಿನ್ನ ದಾರಿ ತೆರೀಲಿ, ಓಮಿನ್," ಎಂದು ಮುಖ ಸವರಿಕೊಂಡರು. ಅವಳೂ ಮುಖ ಸವರಿಕೊಂಡಳು. ಹೋಗಿ ಕುಳಿತು, ಅಗಾಯ್ ಬರೆದ ಮಾಂಸದ ಸಾಲನ್ನು ಅಳಿಸಿಹಾಕಿದಳು. ಅದರ ಜಾಗದಲ್ಲಿ ಬರೆದಳು: ನೀರು ಬೇಗ ಕುದಿಯುತ್ತದೆ, ಆದರೆ ಕುದಿಯುವ ಆ ನೀರು ಕೆಳಗಿನಷ್ಟು ಬಿಸಿಯಾಗಿರುವುದಿಲ್ಲ. ಆದ್ದರಿಂದ ಮಾಂಸ ಬೇಯಲು ಹೆಚ್ಚು ಹೊತ್ತು ಬೇಕು.

ಕಟ್ಟೆ ಒಡೆಯಿತು. ಒಬ್ಬ ಮುಚ್ಚಳದ ಮೇಲೆ ಕಲ್ಲು ಹೇರಿದರೆ ಏನಾಗುತ್ತದೆಂದು ಬರೆದ, ಇನ್ನೊಬ್ಬಳು ಅವನ ವಾಕ್ಯ ತಿದ್ದಿದಳು, ಮತ್ತೊಬ್ಬ ಅವಳನ್ನು ತಿದ್ದಿದ. ಪುಟ ಅಗಾಯ್ ಕಣ್ಣೆದುರೇ ಬೆಳೆಯುತ್ತಾ ಹೋಯಿತು. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಓದಿದರು. ಬಹಳ ಹೊತ್ತು ಓದಿದರು.

"ನಾನು ಬೇಕಂತಲೇ ಹಾಗೆ ಬರೆದಿದ್ದೆ," ಎಂದರು ಕೊನೆಗೆ.

"ಹೌದು ಅಗಾಯ್, ನಾವೂ ಹಾಗೇ ಅಂದ್ಕೊಂಡ್ವಿ," ಎಂದರು ಶಾಯಿರ್‌ಗುಲ್ ಎಜೆ, ಮುಖ ಒಂದಿಷ್ಟೂ ಅಲ್ಲಾಡಿಸದೆ.

ಅಗಾಯ್‌ಗೇ ನಗು ತಡೆಯಲಾಗಲಿಲ್ಲ. ಕೋಣೆಯೆಲ್ಲ ನಕ್ಕಿತು. ನಗು ಇಳಿದ ಮೇಲೆ ಅವರು ಬಾಗಿಲ ಕಡೆ ತಿರುಗಿದರು. "ಆ ಹುಡುಗಿ ತಂದೆ ಯಾರು? ನೀವಾ? ನಲವತ್ತು ವರ್ಷದಲ್ಲಿ ನನ್ನ ಮುಖಕ್ಕೆ ಯಾವ ವಿದ್ಯಾರ್ಥೀನೂ ಹೀಗೆ ಹೇಳಿರ್ಲಿಲ್ಲ. ಕೇಳಿದ್ರಲ್ಲ ನಾನು ಕೊಟ್ಟ ಬಾತಾ, ಓದು ಬೆಳೀಲಿ ಅಂತ? ಅದನ್ನ ಸುಳ್ಳು ಮಾಡೋಕೆ ನಂಗೂ ಅಧಿಕಾರ ಇಲ್ಲ, ನಿಮಗೂ ಇಲ್ಲ." ತಂದೆ ತೋಳಿನಿಂದ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಹತ್ತನೇ ತರಗತಿ ಉಳಿಯಿತು. ಪಟ್ಟಣದ ಭೌತಶಾಸ್ತ್ರದ ಶಿಕ್ಷಕರೊಬ್ಬರು ವಾರಕ್ಕೊಮ್ಮೆ ಪುಟಗಳನ್ನು ಓದಿ ಪ್ರಶ್ನೆ ಸೇರಿಸಿ ಕಳಿಸುವ ಏರ್ಪಾಡಾಯಿತು. ಕಣಿವೆಯ ಇನ್ನೆರಡು ಊರಿನ ಮಕ್ಕಳೂ ಈಗ ಫೋನಿನಲ್ಲಿ ಬರೆದು ಇದೇ ವಿಕಿಗೆ ಕಳಿಸುತ್ತಾರೆ. ಆ ಆರು ಹುಡುಗಿಯರಲ್ಲಿ ಒಬ್ಬಳೂ ಮನೆಯಲ್ಲಿ ಉಳಿದಿಲ್ಲ. ಮೆಚ್ಚುಗೆಯ ಪತ್ರ ಮಾತ್ರ ಶಾಲೆಯ ಹೆಸರಿಗೆ ಬಂತು, ಶಾಯಿರ್‌ಗುಲ್ ಎಜೆ ಅದನ್ನು ಈ ಕೋಣೆಯಲ್ಲೇ ತೂಗುಹಾಕಿದ್ದಾರೆ. ಬುರುಲ್ಚಾ ಎಜೆ ಅದರ ಧೂಳು ಒರೆಸುತ್ತಾರೆ.

ಕೋಣೆ ಈಗ ಬೆಚ್ಚಗಾಗಿದೆ. ಎಜೆ ಕಂಬಳಿ ತೆಗೆದು ಮಡಿಸುತ್ತಿದ್ದಾರೆ, ಕಿಟಕಿಯಾಚೆ ಮಕ್ಕಳ ಗಲಾಟೆ ಹತ್ತಿರವಾಗುತ್ತಿದೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಇಂಥ ಬರಹದಲ್ಲಿ ಕೇಳಲೇಬೇಕಾದ ಪ್ರಶ್ನೆ.

"ಇತ್ತು. ತೀರಿಹೋಯ್ತು," ಎನ್ನುತ್ತಾರೆ. "ನಾನೂ ಒಂದು ಪುಟ ಬರೀಬೇಕು ಅಂತಿತ್ತು. ಟೆಲಿಫೋನ್ ಹೇಗೆ ಕೆಲಸ ಮಾಡುತ್ತೆ ಅಂತ ಹೋದ ವಾರ ಕೂತು ಬರೆದೆ. ಮೂರು ದಿನ ತಗೊಂಡೆ. ಮಾರನೇ ದಿನ ಜಿಬೆಕ್ ಬಂದ್ಲು, ಓದಿದ್ಲು. ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ. ಅರ್ಧ ಪುಟ ಅಳಿಸಿ ಹಾಕಿದ್ಲು."

ಬೇಜಾರಾಯಿತೇ ಎಂದು ಕೇಳಿದೆ.

ಎಜೆ ಕೈಯಲ್ಲಿದ್ದ ಕಂಬಳಿಯನ್ನು ಎದೆಗವಚಿಕೊಂಡು ನಿಂತರು. ಮುಖವೆಲ್ಲ ಅರಳಿತ್ತು.

"ಬೇಜಾರಾ? ಹತ್ತನೇ ಕ್ಲಾಸಿನ ಹುಡುಗಿ ರೀ ಅವಳು."