ಶಿರಾದಲ್ಲಿಟ್ಟ ಗಂಟು

ಮಂಗಳೂರು ನಮ್ಮ ರಾಜ್ಯಕ್ಕೆ ಸೇರಿದ ಹೊಸತು. ಮಧುಗಿರಿಯ ಯಜಮಾನರೊಬ್ಬರ ಕಾರು ಓಡಿಸುತ್ತಿದ್ದೆ. ಎರಡು ದಿನ ಸಮುದ್ರ ನೋಡಿಬರೋಣ ಅಂದರು. ಲಾರಿಯವರನ್ನೆಲ್ಲ ಕೇಳಿ ಕೊರಟಗೆರೆ, ತುಮಕೂರು, ಹಾಸನದ ದಾರಿ ಗೊತ್ತುಮಾಡಿಕೊಂಡೆ. ಶುಕ್ರವಾರ ಬೆಳಿಗ್ಗೆ ಕಾರು ಹತ್ತಿದವರೇ, "ಶಿರಾಕ್ಕೆ ನಡಿ" ಅಂದರು.

"ಅದು ಸುತ್ತು ಸ್ವಾಮಿ."

"ಶುಕ್ರವಾರ ಪಡುವಲಿಗೆ ಹೊರಡಬಾರದು ಕಣಯ್ಯ. ಅದಕ್ಕೇ ನಿನ್ನೆಯೇ ಬಟ್ಟೆ ಗಂಟನ್ನ ಶಿರಾದ ಸಾಹೇಬರ ಅಂಗಡೀಲಿ ಇಡಿಸಿದೀನಿ. ಗಂಟು ನಿನ್ನೆ ಹೊರಟಮೇಲೆ ನಾವೂ ನಿನ್ನೆಯೇ ಹೊರಟಂಗೆ. ಹೋಗ್ತಾ ಎತ್ಕೊಂಡ್ರಾಯ್ತು."

ಮೈಯೆಲ್ಲ ಉರಿಯಿತು. ದಾರಿ ವಿಚಾರಿಸಲು ನಾನು, ತೀರ್ಮಾನ ಮಾಡಲು ಎರಡು ಪಂಚೆಯ ಗಂಟು. ಹಲ್ಲು ಕಚ್ಚಿಕೊಂಡು ಓಡಿಸಿದೆ.

ಶಿರಾದಲ್ಲಿ ಸಾಹೇಬರು ನಗುತ್ತಾ ಅಂಗಡಿಯಿಂದಿಳಿದು ಬಂದರು. "ಇಲ್ಲಿಗ್ಯಾಕೆ ಬಂದ್ರಿ ಯಜಮಾನ್ರೇ? ಮಂಗಳೂರಿಗೆ ತುಮಕೂರು ಮೇಲಲ್ವಾ ಹೋಗೋದು? ನಿಮಗ್ಯಾಕೆ ತಕ್ಲೀಫು ಅಂತ ಗಂಟನ್ನ ಬೆಳಗಿನ ಬಸ್ಸಿಗೇ ಹಾಕಿ ತುಮಕೂರಿಗೆ ಕಳಿಸ್ಬುಟ್ಟೆ."

ಯಜಮಾನರು ನನ್ನ ಕಡೆ ತಿರುಗಿದರು. "ದಾರಿ ಗೊತ್ತಿದ್ದೋನು ನೀನು, ಮೊದಲೇ ಹೇಳೋದಲ್ವಾ?"

ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಗಂಟನ್ನು ತಂದು ನನ್ನ ಪಕ್ಕದ ಸೀಟಿನಲ್ಲಿಟ್ಟರು. ಅಲ್ಲಿಂದ ಮುಂದೆ ದಾರಿ ಕವಲೊಡೆದಲ್ಲೆಲ್ಲ ಕಾರು ನಿಲ್ಲಿಸಿ, ಎಡಕ್ಕೋ ಬಲಕ್ಕೋ ಅಂತ ಆ ಗಂಟನ್ನೇ ಕೇಳಿದೆ. ಹಿಂದಿನ ಸೀಟಿಗೂ ಕೇಳಿಸುವಷ್ಟು ಗಟ್ಟಿಯಾಗಿ.