ಅವ್ವ ಚೆಲ್ಲಿದ ಹರಳೆಣ್ಣೆ

ತೊಂಬತ್ತರ ದಶಕದ ಮೊದಲ ವರ್ಷಗಳವು. ಚೊಚ್ಚಲ ಹೆರಿಗೆಗೆಂದು ನಾನು ತೆರಕಣಾಂಬಿಯ ತವರಿಗೆ ಬಂದಿದ್ದೆ. ಡಾಕ್ಟರು ಹೇಳಿದ್ದ ದಿನ ಕಳೆದರೂ ನೋವು ಬರಲಿಲ್ಲ. ಜೀರಿಗೆ ಕಷಾಯ ಕುಡಿದೆ, ಸೊಂಟಕ್ಕೆ ಬಿಸಿನೀರು ಹುಯ್ಯಿಸಿಕೊಂಡೆ. ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಅಪ್ಪನ ತಾಯಿ, ನಮ್ಮಜ್ಜಿ, ಬಿಸಿ ಕಾಫಿಗೆ ಹರಳೆಣ್ಣೆ ಬೆರೆಸಿ ತಂದರು.

"ಕಣ್ಮುಚ್ಕೊಂಡು ಕುಡುದ್ಬುಡು ಕಣಮ್ಮಿ, ಸಂಜೆ ಒಳ್ಗೆ ನೋವು ಬತ್ತದೆ."

ನಾನು ಲೋಟ ಎತ್ತುವಷ್ಟರಲ್ಲಿ ಅವ್ವ ಬಂದು ಕಿತ್ತುಕೊಂಡು ಹಿತ್ತಲಿಗೆ ಚೆಲ್ಲಿಬಿಟ್ಟಳು. ಅತ್ತೆಯ ಎದುರು ಎಂದೂ ದನಿ ಎತ್ತಿದವಳಲ್ಲ. "ಬ್ಯಾಡಿ ಅತ್ತೆ. ನಂಗೆ ಕುಡ್ಸಿದ್ದೇ ಸಾಕು" ಅಂದಳು. ಅಜ್ಜಿ ತಲೆ ತಗ್ಗಿಸಿ ಒಳಗೆ ಹೋದರು.

ಅವತ್ತು ಸಂಜೆ ಅವ್ವ ನನ್ನನ್ನು ಹೊಲದ ದಾರಿಯಲ್ಲಿ ನಡೆಸಿಕೊಂಡು ಹೋದಳು. ನನಗಿಂತ ಮುಂಚೆ ಅವಳಿಗೊಂದು ಹೆಣ್ಣುಮಗು ಆಗಿತ್ತೆಂದು ನನಗೆ ತಿಳಿದದ್ದೇ ಆಗ. ಹರಳೆಣ್ಣೆ ಕುಡಿದು, ಭೇದಿಯಾಗಿ, ಹೆರುವ ಹೊತ್ತಿಗೆ ಅವಳಲ್ಲಿ ಶಕ್ತಿಯೇ ಉಳಿದಿರಲಿಲ್ಲವಂತೆ. ಮಗು ಅಳಲೇ ಇಲ್ಲವಂತೆ.

"ಎಣ್ಣೆಯಿಂದ್ಲೇ ಓಯ್ತೋ ಏನೋ, ನಂಗೊತ್ತಿಲ್ಲ ಕಣವ್ವ. ಮಗೀನ ನಂಗೆ ತೋರುಸ್ನೂ ಇಲ್ಲ."

ನಾನು ಅವಳ ಕೈ ಹಿಡಿದು ನಡೆದೆ.

ಮರುದಿನ ಬಸ್ಸಿನಲ್ಲಿ ಗುಂಡ್ಲುಪೇಟೆಯ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಅಲ್ಲೇ ಉಳಿಸಿಕೊಂಡು, ನೋವು ಬರಲು ಡ್ರಿಪ್ ಹಾಕಿದರು. ಕತ್ತಲಾಗುವ ಮುಂಚೆ ಮಗಳು ಹುಟ್ಟಿದಳು.

ಅಜ್ಜಿ ಮಾರನೆಯ ದಿನ ಬಂದರು. ಅವ್ವನ ಪಕ್ಕದಲ್ಲಿ ಬೆಂಚಿನ ಮೇಲೆ ಕುಳಿತರು. ಅವ್ವ ಮಗುವನ್ನು ತಾನೇ ಎತ್ತಿ ಅವರ ಮಡಿಲಿಗೆ ಹಾಕಿದಳು.