ಬಾಗಿಲಲ್ಲಿ ನಿಂತು ತೆಗೆದ ಹದಿನೆಂಟು ಫೋಟೋ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಸ್ಕ್ಯಾನಿಂಗ್ ಕೋಣೆ. ಅದರ ಬಾಗಿಲಲ್ಲಿ ಹದಿನಾಲ್ಕು ವರ್ಷದಿಂದ ಸ್ಕ್ಯಾನಕ್ಕ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿದಿತ್ತು. ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರ ಬಾಯಲ್ಲೂ ಅವಳು ಸ್ಕ್ಯಾನಕ್ಕನೇ. ರೋಗಿಗಳ ಸರ, ಬಳೆ, ಹೇರ್‌ಪಿನ್ನು ಬಿಚ್ಚಿಸಿ ತಟ್ಟೆಗೆ ಹಾಕಿಸುವುದು, ಕಿವಿಗೆ ಹತ್ತಿ ಇಡುವುದು, ಅಳುವವರ ಬೆನ್ನು ಸವರುವುದು ಅವಳ ಕೆಲಸ. ಆ ಯಂತ್ರ ದೊಡ್ಡ ಅಯಸ್ಕಾಂತ. ಫೋನಾಗಲಿ ಕ್ಯಾಮೆರಾ ಆಗಲಿ ಬಾಗಿಲು ದಾಟಿ ಒಳಗೆ ಹೋಗುವ ಹಾಗಿರಲಿಲ್ಲ.

ಅಲ್ಲಿಗೆ ಬರುವವರಿಗೆಲ್ಲ ಜೀವ ಬಾಯಿಗೆ ಬಂದಿರುತ್ತಿತ್ತು. ಆಳೆತ್ತರದ ಗಂಡಸರೂ ಆ ಬಿಳಿ ಕೊಳವೆಯ ಮುಂದೆ ಬೆಕ್ಕಿನ ಮರಿಯಾಗುತ್ತಿದ್ದರು. "ಏನೂ ಆಗಲ್ಲ, ಕಣ್ಣು ಮುಚ್ಕೊಳ್ಳಿ, ಅರ್ಧ ಗಂಟೆ ಅಷ್ಟೇ" ಎಂದು ಇವಳು ದಿನಕ್ಕೆ ಇಪ್ಪತ್ತು ಸಲ ಹೇಳಿ ಹೇಳಿ ಗಂಟಲು ಒಣಗಿಸಿಕೊಳ್ಳುತ್ತಿದ್ದಳು. ಹೆದರಿದವನ ಕಿವಿಗೆ ಮಾತು ಇಳಿಯುವುದುಂಟೇ?

ಒಂದು ಮಧ್ಯಾಹ್ನ ಬಸ್ಸು ತಪ್ಪಿ, ಬಿಸಿಲು ತಾಳಲಾರದೆ, ಫ್ಯಾನಿನ ಆಸೆಗೆ ಲೈಬ್ರರಿಯ ಹಾಲಿಗೆ ಹೊಕ್ಕಳು. ಗೋಡೆಯ ತುಂಬ ಫೋಟೋಗಳು. ಯಾರೋ ಛಾಯಾಗ್ರಾಹಕಿ, ರೈಲ್ವೆ ಗೇಟು ಕಾಯುವ ಹೆಂಗಸಿನ ಒಂದು ದಿನವನ್ನು ಮೂವತ್ತೊಂದು ಚಿತ್ರಗಳಲ್ಲಿ ಹಿಡಿದಿದ್ದಳು. ಕೆಳಗೆ ಒಂದಕ್ಷರವೂ ಇಲ್ಲ. ಹೊಸಿಲ ಬಳಿ ಚಪ್ಪಲಿ, ಹಸಿರು ಬಾವುಟ ಹಿಡಿದ ಮುಷ್ಟಿ, ಕುರ್ಚಿಯಲ್ಲೇ ತೂಕಡಿಸುವ ಮುಖ, ಹಳಿಯ ತುದಿಯಲ್ಲಿ ಸಣ್ಣ ದೀಪ. ಒಂದೊಂದೇ ನೋಡುತ್ತ ಹೋದವಳು ಆ ದೀಪದ ಮುಂದೆ, "ಅಯ್ಯೋ, ಏಳೇ ತಾಯಿ, ಗೇಟು ಹಾಕೇ!" ಎಂದು ಕೂಗಿಯೇಬಿಟ್ಟಳು. ಕಾವಲುಗಾರ ತಿರುಗಿ ನೋಡಿದ. ಇವಳಿಗೆ ನಾಚಿಕೆಯೇನೋ ಆಯಿತು, ಆದರೆ ತಲೆಯೊಳಗೆ ಒಂದು ಹುಳ ಹೊಕ್ಕಿತು. ಮಾತಿಲ್ಲದೆ ಇಷ್ಟು ಹೇಳಬಹುದಾದರೆ ನನ್ನ ರೋಗಿಗಳಿಗೆ ಯಾಕೆ ಹೇಳಬಾರದು?

ಮುಂದಿನ ವಾರವೇ ಟೆಕ್ನಿಷಿಯನ್ನನ್ನು ರೋಗಿಯ ಹಾಗೆ ಮಲಗಿಸಿ, ತಾನು ಬಾಗಿಲಲ್ಲಿ ನಿಂತು ಹದಿನೆಂಟು ಫೋಟೋ ತೆಗೆದಳು. ವಾಚು ಬಿಚ್ಚುವುದು, ಮಂಚ ಹತ್ತುವುದು, ಒಳಗೆ ಸರಿಯುವುದು, ನಗುತ್ತ ಹೊರಗೆ ಬರುವುದು. ಸಾಲಾಗಿ ಗೋಡೆಗೆ ಅಂಟಿಸಿದಳು. ಜನ ನೋಡಿದರು, ಸ್ವಲ್ಪ ಸಮಾಧಾನ ಪಟ್ಟರು. ಬೇರೆ ಆಸ್ಪತ್ರೆಯವರೂ ಬಂದು ನೋಡಿ ಹೋದರು. ಸ್ಕ್ಯಾನಕ್ಕನಿಗೆ ತಲೆಯ ಮೇಲೆ ಎರಡು ಕೋಡು ಮೂಡಿದವು ಎಂದರೆ ಸುಳ್ಳಲ್ಲ.

ಎರಡು ವರ್ಷದ ಮೇಲೆ ಅವಳ ಎಡಗಿವಿಯಲ್ಲಿ ಜೀರುಂಡೆ ಕೂಗತೊಡಗಿತು. ಆಮೇಲೆ ತಲೆನೋವು. ಬಟ್ಟೆ ಒಣಹಾಕುವಾಗ ಭೂಮಿ ವಾಲುವುದು. ಡಾಕ್ಟರು ನೋಡಿ, "ಸ್ಕ್ಯಾನ್ ಮಾಡಿಸಿಬಿಡಿ ಅಕ್ಕ" ಎಂದರು. ತಲೆಯೊಳಗೆ ಗಂಟಿದ್ದವರು ಯಾವ ಗೋಳು ಹೊತ್ತು ಬರುತ್ತಾರೆ, ಎಷ್ಟು ಜನ ಮತ್ತೆ ಬರುವುದೇ ಇಲ್ಲ ಎಂಬುದನ್ನು ಕಣ್ಣಾರೆ ಕಂಡವಳು ಅವಳು.

ಮಲಗಿದಳು. ಮುಖದ ಮೇಲೆ ಪ್ಲಾಸ್ಟಿಕ್ಕಿನ ಪಂಜರ ಕೂತಿತು. ಕೈಗೆ ರಬ್ಬರ್ ಚೆಂಡು ಕೊಟ್ಟರು, ತಡೆಯಲಾಗದಿದ್ದರೆ ಒತ್ತಲು. ಮಂಚ ಒಳಗೆ ಸರಿಯಿತು. ಅಯ್ಯಯ್ಯೋ, ಇದು ಅವಳ ಗೋಡೆಯ ಮೇಲಿದ್ದ ಕೋಣೆಯೇ ಅಲ್ಲ! ಮೂಗಿಗೆ ತಾಗುವಷ್ಟು ಹತ್ತಿರ ಬಿಳಿ ಗೋಡೆ. ಆಮೇಲೆ ಸದ್ದು, ತಲೆಯ ಮೇಲೆ ತಗಡು ಬಡಿದಂತೆ. ಯಾರೂ ಇಲ್ಲ, ಬಾಗಿಲಿಲ್ಲ, ಗಾಳಿಯೂ ಇಲ್ಲ ಅನ್ನಿಸಿತು. ಮೂರನೆಯ ನಿಮಿಷಕ್ಕೆ ಚೆಂಡು ಒತ್ತಿದಳು. ಊರಿಗೆಲ್ಲ ಧೈರ್ಯ ಹೇಳಿದ ಸ್ಕ್ಯಾನಕ್ಕ ಒತ್ತಿದಳು! ಹೊರಗೆಳೆದರೆ ಕುಪ್ಪಸ ಬೆವರಿ ತೊಯ್ದಿತ್ತು. ಎರಡನೆಯ ಸಲವೂ ಒತ್ತಿದಳು. ಮೂರನೆಯ ಸಲ ಹಲ್ಲು ಕಚ್ಚಿ ಮುಗಿಸಿದಳು.

ಹೊರಗೆ ಬಂದು ತನ್ನ ಹದಿನೆಂಟು ಫೋಟೋ ನೋಡಿದರೆ ಮೈ ಉರಿಯಿತು. ಎಲ್ಲವೂ ಬಾಗಿಲಲ್ಲಿ ನಿಂತವಳು ಕಂಡದ್ದು, ಮಲಗಿದವರು ಕಂಡದ್ದು ಒಂದೂ ಇಲ್ಲ. ಲೈಬ್ರರಿಯ ಆ ಛಾಯಾಗ್ರಾಹಕಿ ಗೇಟಿನವಳ ಕುರ್ಚಿಯ ಪಕ್ಕದಲ್ಲೇ ಕೂತು ದೀಪ ನೋಡಿದ್ದಳು, ಅದಕ್ಕೇ ನನ್ನ ಎದೆ ಹೊಡೆದುಕೊಂಡದ್ದು ಎಂದು ಅವಳಿಗೆ ಈಗ ತಿಳಿಯಿತು.

ರಿಪೋರ್ಟಿಗೆ ಮೂರು ದಿನ. ಮನೆಯಲ್ಲಿ ಕೂತರೆ ಸಾವಿನದೇ ಯೋಚನೆ. ಅದಕ್ಕೇ ಅವಳು ಮಂಚದ ಕೆಳಗೆ ಬಿಳಿ ಚಾದರ ಬಿಗಿದು, ತರಕಾರಿ ಬುಟ್ಟಿಯನ್ನು ಮುಖಕ್ಕೆ ಕವುಚಿಕೊಂಡು, ಫೋನು ಹಿಡಿದು ನೆಲದ ಮೇಲೆ ತೂರಿಕೊಂಡಳು. ಬೀಗ ರಿಪೇರಿ ಮಾಡುವ ಗಂಡ ಕೆಲಸ ಮುಗಿಸಿ ಬಂದವನು ಹೊರಗೆ ಚಾಚಿದ್ದ ಎರಡು ಪಾದ ಕಂಡು ಚೀಲ ಬೀಳಿಸಿದ.

"ಏನೇ ಇದು? ಹುಚ್ಚುಗಿಚ್ಚು ಹಿಡೀತಾ?"

"ಸುಮ್ನಿರಿ. ಒಳಗಿಂದ ಹೇಗೆ ಕಾಣುತ್ತೆ ಅಂತ ತೆಗೀತಿದ್ದೀನಿ."

"ನಾನೇನಂದ್ಕೊಂಡೆ ಗೊತ್ತಾ?" ಎಂದ ಅವನು. ದನಿ ಒಡೆಯಿತು. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಅತ್ತದ್ದನ್ನು ಅವಳು ಕಂಡಿರಲಿಲ್ಲ. ಬುಟ್ಟಿಯ ಕಂಡಿಗಳಿಂದಲೇ ಅವನ ಮುಖ ನೋಡುತ್ತ ಅವಳೂ ಅತ್ತಳು.

ಬುಟ್ಟಿಯೊಳಗಿಂದ ತೆಗೆದ ಆ ಚಿತ್ರವನ್ನು ಆಸ್ಪತ್ರೆಯ ಗೋಡೆಗೆ ಅಂಟಿಸಿದ ದಿನ ಮೊದಲು ನೋಡಿದವನು ಒಬ್ಬ ಲಾರಿ ಡ್ರೈವರ್. ನೋಡಿದವನೇ, "ನನ್ ಕೈಲಾಗಲ್ಲಪ್ಪ" ಎಂದು ಎದ್ದು ಹೊರಟುಹೋದ. ಟೆಕ್ನಿಷಿಯನ್ ಸಿಡಿಮಿಡಿಗೊಂಡ.

"ಏನಕ್ಕ, ಜನರನ್ನ ಓಡಿಸೋಕೆ ಹಾಕಿದ್ದೀರಾ?"

ಅವಳಿಗೂ ತಪ್ಪು ಮಾಡಿದೆನೇನೋ ಅನ್ನಿಸಿತು. ಆದರೆ ಅರ್ಧ ಗಂಟೆಗೆ ಡ್ರೈವರ್ ತಾನಾಗಿಯೇ ಬಂದ, ಮಲಗಿದ, ಚೆಂಡು ಒತ್ತಲಿಲ್ಲ. ಹೊರಗೆ ಬಂದು ಹಣೆ ಒರೆಸಿಕೊಳ್ಳುತ್ತ, "ಭಯ ಆಯ್ತು ಕಣಕ್ಕ. ಆದ್ರೆ ನೀವು ಸುಳ್ಳು ಹೇಳಿರಲಿಲ್ಲ" ಎಂದ.

ಮರುದಿನ ಅವಳ ರಿಪೋರ್ಟ್ ಬಂತು. ಕಿವಿಯ ನರದ ಮೇಲೆ ನೆಲ್ಲಿಕಾಯಿ ಗಾತ್ರದ ಗಂಟು. "ಕೆಟ್ಟ ಜಾತಿಯದಲ್ಲ ಅನ್ಸುತ್ತೆ. ಆದ್ರೆ ಮೆದುಳಿಗೆ ಒತ್ತುತ್ತಿದೆ, ತೆಗೀಲೇಬೇಕು" ಎಂದರು ಡಾಕ್ಟರು.

"ತೆಗೆದ್ರೆ ಬದುಕ್ತೀನಾ?"

"ಮುಕ್ಕಾಲು ಪಾಲು ಜನ ಚೆನ್ನಾಗೇ ಇರ್ತಾರೆ ಅಕ್ಕ" ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಉಳಿದ ಕಾಲು ಪಾಲು ಅವಳ ತಲೆಯಿಂದ ಹೋಗಲಿಲ್ಲ. ಅನ್ನ ಸೇರಲಿಲ್ಲ. ಆಪರೇಷನ್ ಕೋಣೆ ಮೂರನೆಯ ಮಹಡಿಯಲ್ಲಿ. ಹದಿನಾರು ವರ್ಷದಲ್ಲಿ ಅವಳು ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಅಲ್ಲಿ ಏನೇನಿದೆ ಎಂದು ತೋರಿಸುವ ಒಂದು ಫೋಟೋವನ್ನೂ ಯಾರೂ ತೆಗೆದಿರಲಿಲ್ಲ.

ಭಾನುವಾರ ಕೋಣೆ ಖಾಲಿ ಇದ್ದಾಗ ಅಲ್ಲಿನ ಸಿಸ್ಟರ್ ಹತ್ತಿರ ಹೋಗಿ, "ಒಂದ್ಸಲ ನನ್ನನ್ನ ಸ್ಟ್ರೆಚರಲ್ಲಿ ಮಲಗಿಸಿ ಒಳಗೆ ಕರ್ಕೊಂಡು ಹೋಗಮ್ಮ" ಎಂದು ಕೇಳಿದಳು. ಸಿಸ್ಟರ್ ಮೊದಲು ನಕ್ಕಳು, ಆಮೇಲೆ ಅವಳ ಮುಖ ನೋಡಿ ಸ್ಟ್ರೆಚರ್ ತಂದಳು. ಕಾಲಿಗೆ ಚೀಲ, ಮೈಗೆ ಹಸಿರು ಅಂಗಿ ತೊಡಿಸಿ ಮಲಗಿಸಿದಳು. ಸ್ಕ್ಯಾನಕ್ಕ ಫೋನನ್ನು ಎದೆಯ ಮೇಲೆ ಮೇಲ್ಮುಖ ಮಾಡಿ ಹಿಡಿದಳು. ಕಾರಿಡಾರಿನ ಟ್ಯೂಬ್‌ಲೈಟುಗಳು ಹಾದುಹೋದವು. ಬಾಗಿಲು ತೆರೆಯಿತು. ಚಳಿ. ತಲೆಯ ಮೇಲೆ ಹೂವಿನಂತೆ ಅರಳಿದ ಏಳು ದೀಪ. ಬಗ್ಗಿ ನೋಡುವ ಸಿಸ್ಟರ್ ಮುಖ, ತಲೆಕೆಳಗಾಗಿ. ಎಲ್ಲ ತೆಗೆದಳು, ಹಲ್ಲು ಕಟಕಟಿಸುತ್ತಿದ್ದರೂ ತೆಗೆದಳು.

ಸಿಸ್ಟರ್ ಫೋನು ನೋಡಿ, "ಅಕ್ಕ, ಎಲ್ಲಾ ಅಲ್ಲಾಡಿಬಿಟ್ಟಿವೆ. ಇನ್ನೊಂದು ಸಲ ಹೋಗೋಣ, ಗಟ್ಟಿಯಾಗಿ ಹಿಡ್ಕೊಳ್ಳಿ" ಎಂದಳು.

"ಬೇಡಮ್ಮ, ಇರಲಿ. ಇದನ್ನ ನೋಡೋರ ಕೈಯೂ ನಡುಗ್ತಾನೇ ಇರುತ್ತೆ." ಅವಳು ಫೋನನ್ನು ಸಿಸ್ಟರ್ ಕೈಯಲ್ಲೇ ಬಿಟ್ಟಳು. "ಇನ್ನೊಂದು ಫೋಟೋ ಬಾಕಿ ಇದೆ. ಆಪರೇಷನ್ ಆಗಿ ನಾನು ಕಣ್ಣು ಬಿಟ್ಟಾಗ ನೀನೇ ತೆಗಿ. ಅದು ಕೊನೇದು. ಅದಿಲ್ಲದೆ ಇವನ್ನ ಗೋಡೆಗೆ ಹಾಕಬೇಡ, ಜನ ಹೆದರ್ತಾರೆ."

ಸಿಸ್ಟರ್ ಹೂಂ ಎಂದಳು. ಆಮೇಲೆ ಅವಳ ಕೈ ಹಿಡಿದು ಸ್ಟ್ರೆಚರಿಂದ ಮೆಲ್ಲಗೆ ಕೆಳಗಿಳಿಸಿದಳು.